ಟ್ಯಾಂಕಿನ ಲೆಕ್ಕ ತೂಕದಲ್ಲಿರಲಿ

ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ ಎಷ್ಟು ಲೀಟರ್ ಇದೆ ಎಂದು ಯಾರೂ ಕೇಳುವುದಿಲ್ಲ. 14.2 ಕಿಲೋ ಎಂಬುದು ಎಲ್ಲರಿಗೂ ಬಾಯಿಪಾಠವಾಗಿರುವ ಅಂಕಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಅನುಮಾನ ಬಂದರೆ ತೂಗಿ, ಖಾಲಿ ತೂಕ ಕಳೆದು, ಒಳಗೆ ಎಷ್ಟಿದೆ ಎಂದು ಬಾಗಿಲಲ್ಲೇ ನೋಡಿಕೊಳ್ಳಬಹುದು. ತೂಕದ ಲೆಕ್ಕವನ್ನೇ ಆರಿಸಿಕೊಂಡದ್ದಕ್ಕೆ ಬಲವಾದ ಕಾರಣವಿದೆ. ಸಿಲಿಂಡರಿನೊಳಗೆ ಕೆಳಗೆ ದ್ರವ, ಮೇಲೆ ಆವಿ. ಬಿಸಿಲಿಗೆ ದ್ರವ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒತ್ತಡ ನೋಡೋಣವೆಂದರೆ ಅದು ಉಷ್ಣತೆಯನ್ನು ಅನುಸರಿಸಿ ಏರಿಳಿಯುತ್ತದೆಯೇ ಹೊರತು, ದ್ರವದ ಕೊನೆಯ ಹನಿ ಮುಗಿಯುವವರೆಗೂ ಎಷ್ಟು ಉಳಿದಿದೆ ಎಂಬುದನ್ನು ಹೇಳುವುದಿಲ್ಲ. ತೂಕ ಮಾತ್ರ ಬಿಸಿಲಿಗೂ ಚಳಿಗೂ ಬದಲಾಗದೆ ನಿಲ್ಲುತ್ತದೆ. ಅಡುಗೆಮನೆಯಲ್ಲಿ ನಾವು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿರುವ ಈ ನ್ಯಾಯ ಕಾರ್ಖಾನೆಯ ಗೇಟು ದಾಟಿದೊಡನೆ ಹಲವು ಕಡೆ ಮರೆತುಹೋಗುತ್ತದೆ. ಆಮ್ಲ, ಎಣ್ಣೆ, ಕಾಕಂಬಿ, ಸಿಮೆಂಟು, ಹಾರುಬೂದಿ, ರಾಸಾಯನಿಕಗಳನ್ನು ತುಂಬಿಟ್ಟ ಟ್ಯಾಂಕು ಮತ್ತು ಸೈಲೊಗಳಲ್ಲಿ ಎಷ್ಟಿದೆ ಎಂದು ಕೇಳಿದರೆ ಸಿಗುವ ಉತ್ತರ ಎತ್ತರದ್ದು: ಇಷ್ಟು ಮೀಟರ್, ಇಷ್ಟು ಶೇಕಡಾ. ಆ ಎತ್ತರವನ್ನು ಗುಣಿಸಿ ಟನ್ನು ಮಾಡಿ ಸ್ಟಾಕ್ ಪುಸ್ತಕಕ್ಕೆ ಏರಿಸುತ್ತಾರೆ. ಸರಕು ಕೊಂಡದ್ದು ತೂಕದಲ್ಲಿ, ಪಾಕಕ್ಕೆ ಹಾಕುವುದು ತೂಕದಲ್ಲಿ, ಮಾರುವುದೂ ಬಹುಮಟ್ಟಿಗೆ ತೂಕದಲ್ಲಿ. ನಡುವೆ ಟ್ಯಾಂಕಿನಲ್ಲಿರುವಾಗ ಮಾತ್ರ ಎತ್ತರದಲ್ಲಿ. ದಾಸ್ತಾನಿನ ಲೆಕ್ಕ ಮೊದಲು ತೂಕದಲ್ಲಿರಬೇಕು, ಎತ್ತರ ಅದರ ಜೊತೆಗೆ ನಿಲ್ಲುವ ಎರಡನೆಯ ಸಾಕ್ಷಿಯಾಗಬೇಕು ಎಂಬುದು ಈ ಲೇಖನದ ವಾದ.

ಎತ್ತರದಿಂದ ತೂಕಕ್ಕೆ ಬರುವ ದಾರಿಯಲ್ಲಿ ನಾವು ಏನೇನನ್ನು ಸುಮ್ಮನೆ ನಂಬಿಕೊಳ್ಳುತ್ತೇವೆ ಎಂದು ಒಮ್ಮೆ ನೋಡಬೇಕು. ಟ್ಯಾಂಕಿನ ಆಕಾರ ನಕ್ಷೆಯಲ್ಲಿದ್ದ ಹಾಗೆಯೇ ಇದೆ, ತಳದಲ್ಲಿ ಕೆಸರು ಕೂತಿಲ್ಲ, ಗೋಡೆ ಉಬ್ಬಿಲ್ಲ ಎಂದು ನಂಬುತ್ತೇವೆ. ಮೇಲ್ಮೈ ಸಮತಟ್ಟಾಗಿದೆ, ನೊರೆಯಿಲ್ಲ ಎಂದು ನಂಬುತ್ತೇವೆ. ಎಲ್ಲಕ್ಕಿಂತ ದೊಡ್ಡದಾಗಿ, ಸರಕಿನ ಸಾಂದ್ರತೆ, ಅಂದರೆ ಒಂದು ಲೀಟರಿನ ತೂಕ, ನಮಗೆ ಗೊತ್ತಿದೆ ಮತ್ತು ಅದು ಬದಲಾಗಿಲ್ಲ ಎಂದು ನಂಬುತ್ತೇವೆ. ಡೀಸೆಲ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಗಾತ್ರದಲ್ಲಿ ಸುಮಾರು 0.08 ಶೇಕಡಾ ಹಿಗ್ಗುತ್ತದೆ. ಅಂಕಿ ಸಣ್ಣದೆನಿಸಬಹುದು. ಆದರೆ ಒಂದು ಲಕ್ಷ ಲೀಟರಿನ ಟ್ಯಾಂಕು 20 ಡಿಗ್ರಿಯಿಂದ 35 ಡಿಗ್ರಿಗೆ ಬಂದರೆ ಒಂದು ಹನಿಯೂ ಸೇರದೆ ಸುಮಾರು 1,200 ಲೀಟರ್ ಹೆಚ್ಚಾಗಿ ಕಾಣುತ್ತದೆ. ತಣ್ಣಗಾದಾಗ ಅಷ್ಟೇ ಲೀಟರ್ ಕಾಣೆಯಾಗುತ್ತದೆ. ನಿಜವಾಗಿಯೂ ಸೋರಿದ ಎಣ್ಣೆ ಮತ್ತು ಕದ್ದ ಎಣ್ಣೆ ಇದೇ ಏರಿಳಿತದ ಹಿಂದೆ ಅಡಗಿಕೊಳ್ಳುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ದಿನವೂ ಉಷ್ಣತೆ ಮತ್ತು ಸಾಂದ್ರತೆ ನೋಡಿ, ಅದನ್ನು 15 ಡಿಗ್ರಿಗೆ ಹೊಂದಿಸಿ ಬರೆಯುವ ಪದ್ಧತಿ ಇರುವುದರಿಂದಲೇ ಅಲ್ಲಿ ಈ ಗೊಂದಲ ಹತೋಟಿಯಲ್ಲಿದೆ. ಅಷ್ಟು ಶಿಸ್ತು ಪ್ರತಿ ಕಾರ್ಖಾನೆಯ ಪ್ರತಿ ಟ್ಯಾಂಕಿಗೂ ಇರುವುದಿಲ್ಲ. ಇನ್ನು ಎರಡು ದ್ರವ ಬೆರೆಸಿದರೆ ಗಾತ್ರಗಳು ಕೂಡಿಕೊಳ್ಳುತ್ತವೆ ಎಂಬುದೂ ಖಚಿತವಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಮದ್ಯಸಾರ ಹಾಕಿದರೆ 100 ಆಗುವುದಿಲ್ಲ, 97ರ ಆಸುಪಾಸು ನಿಲ್ಲುತ್ತದೆ. ತೂಗಿದರೆ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ.

ಪುಡಿ ಮತ್ತು ಕಾಳಿನ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿರಲಿ, ಬೆಂಗಳೂರಿನ ಹೊರವಲಯದ ರೆಡಿಮಿಕ್ಸ್ ಕಾಂಕ್ರೀಟ್ ಘಟಕಗಳಿರಲಿ, ಸೈಲೊದೊಳಗಿನ ಪುಡಿ ನೀರಿನಂತೆ ಸಮನಾಗಿ ನಿಲ್ಲುವುದಿಲ್ಲ. ತುಂಬುವಾಗ ನಡುವೆ ಗುಡ್ಡೆಯಾಗುತ್ತದೆ, ತೆಗೆಯುವಾಗ ನಡುವೆ ಕುಳಿ ಬೀಳುತ್ತದೆ. ಕೆಲವೊಮ್ಮೆ ಕೆಳಗಿನ ಬಾಯಿಯ ಮೇಲೆ ಪುಡಿ ಕಮಾನು ಕಟ್ಟಿಕೊಂಡು ನಿಲ್ಲುತ್ತದೆ. ಮತ್ತೆ ಕೆಲವೊಮ್ಮೆ ನಡುವೆ ಕೊಳವೆಯಂತೆ ತೂತಾಗಿ, ಸುತ್ತಲಿನದು ಗೋಡೆಗೆ ಅಂಟಿಯೇ ಉಳಿಯುತ್ತದೆ. ಮೇಲಿನಿಂದ ರೇಡಾರ್ ಅಥವಾ ಶಬ್ದದ ಅಲೆ ಬಿಟ್ಟು ನೋಡುವ ಉಪಕರಣ ತನಗೆ ಕಂಡ ಒಂದು ಬಿಂದುವಿನ ಎತ್ತರ ಹೇಳುತ್ತದೆ. ಆ ಬಿಂದು ಗುಡ್ಡೆಯ ತುದಿಯೋ ಕುಳಿಯ ತಳವೋ ಅದಕ್ಕೆ ಗೊತ್ತಾಗುವುದಿಲ್ಲ. ಗಾಳಿ ಒತ್ತಿ ಈಗಷ್ಟೇ ತುಂಬಿದ ಸಿಮೆಂಟಿನಲ್ಲಿ ಗಾಳಿ ಸೇರಿ ಅದು ಉಬ್ಬಿರುತ್ತದೆ. ಕೆಲವು ಗಂಟೆ ಬಿಟ್ಟರೆ ಕುಸಿದು ಕೂರುತ್ತದೆ. ಮರಳಿನ ಕಥೆ ಕಟ್ಟಡ ಕೆಲಸದವರಿಗೆಲ್ಲ ಗೊತ್ತು: ಒಣಮರಳಿಗೆ ತೂಕದ 5 ಶೇಕಡಾದಷ್ಟು ತೇವ ಸೇರಿದರೆ ಅದು ಗಾತ್ರದಲ್ಲಿ 20ರಿಂದ 30 ಶೇಕಡಾದವರೆಗೆ ಉಬ್ಬಬಲ್ಲದು. ಬಾಂಡಲಿ ಲೆಕ್ಕದಲ್ಲಿ ಕಲಸಿದರೆ ಕಾಂಕ್ರೀಟಿಗೆ ಬೇಕಾದಷ್ಟು ಮರಳು ಬೀಳುವುದೇ ಇಲ್ಲ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ 456 ಪದಾರ್ಥಗಳನ್ನು ತೂಕದಲ್ಲಿ ಬೆರೆಸಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಬೆರೆಸುವ ಹಂತದಲ್ಲಿ ಈ ಮಾತನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಅದೇ ಸರಕು ಸೈಲೊದಲ್ಲಿರುವಾಗ ಒಪ್ಪದಿರಲು ಕಾರಣ ಕಾಣುವುದಿಲ್ಲ.

ಲೆಕ್ಕದ ತಪ್ಪು ಹಣದ ನಷ್ಟದಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ಬಾಸ್ಟನ್ ನಗರದ ಒಂದು ಟ್ಯಾಂಕು ಸಾಕ್ಷಿ. ಕೈಗಾರಿಕಾ ಮದ್ಯಸಾರಕ್ಕೆ ಬೇಕಾದ ಕಾಕಂಬಿ ತುಂಬಲು 1915ರಲ್ಲಿ ಅಲ್ಲಿ ಸುಮಾರು 15 ಮೀಟರ್ ಎತ್ತರದ, 27 ಮೀಟರ್ ಅಗಲದ ಉಕ್ಕಿನ ಟ್ಯಾಂಕು ಕಟ್ಟಿದರು. ಬಳಕೆಗೆ ಬಿಡುವ ಮುನ್ನ ನೀರು ತುಂಬಿ ಪರೀಕ್ಷಿಸಬೇಕಿತ್ತು. ತುಂಬಿದ್ದು ಆರು ಇಂಚು ನೀರು ಮಾತ್ರ. 1919ರ ಜನವರಿ 15ರಂದು ಸುಮಾರು 87 ಲಕ್ಷ ಲೀಟರ್ ಕಾಕಂಬಿಯಿದ್ದ ಆ ಟ್ಯಾಂಕು ಒಡೆದು, ಬೀದಿಯಲ್ಲಿ ಹರಿದ ಅಲೆಗೆ ಸಿಕ್ಕಿ 21 ಜನ ಸತ್ತರು, ಸುಮಾರು 150 ಜನ ಗಾಯಗೊಂಡರು. ತಗಡು ತೆಳುವಾಗಿತ್ತು, ಕೆಲಸ ಕಳಪೆಯಾಗಿತ್ತು, ಸೋರಿಕೆಯ ಸೂಚನೆಗಳಿಗೆ ಯಾರೂ ಕಿವಿಗೊಡಲಿಲ್ಲ, ಕಾರಣಗಳು ಹಲವು. ಆದರೆ ನಮ್ಮ ವಿಷಯಕ್ಕೆ ಬೇಕಾದ ಒಂದು ಅಂಶವಿದೆ. ಕಾಕಂಬಿ ನೀರಿಗಿಂತ ಸುಮಾರು 40 ಶೇಕಡಾ ಭಾರ. ಅಷ್ಟೇ ಎತ್ತರಕ್ಕೆ ನೀರು ತುಂಬಿದ್ದರೆ ಟ್ಯಾಂಕು ಹೊರಬೇಕಾಗಿದ್ದದ್ದು 8,700 ಟನ್. ಕಾಕಂಬಿಯಲ್ಲಿ ಅದು 12,000 ಟನ್ನಿನ ಮೇಲೆ. ಎತ್ತರದ ಗೆರೆ ಎರಡಕ್ಕೂ ಒಂದೇ. ಗೋಡೆಗೆ ತಿಳಿಯುವುದು ಎತ್ತರವಲ್ಲ, ಭಾರ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ನಿಂತಿರುವ ಕಾಕಂಬಿ ಟ್ಯಾಂಕುಗಳ ಮಟ್ಟಿಗೂ ಈ ಲೆಕ್ಕ ನಿಜ. ಜಿಗುಟಾದ ಕಾಕಂಬಿಯಲ್ಲಿ ಗಾಳಿಗುಳ್ಳೆ ಬೇಗ ಬಿಡುವುದಿಲ್ಲ, ನೊರೆ ಏಳುತ್ತದೆ, ದಾಸ್ತಾನಿನಲ್ಲಿ ತಾನಾಗಿ ಬಿಸಿಯೇರುವುದೂ ಉಂಟು. ಡಿಪ್ ರಾಡ್ ಎಂಬ ಅಳತೆಕೋಲು ಇಳಿಸಿ ನೋಡಿದ ಎತ್ತರಕ್ಕೂ ಒಳಗಿನ ಸರಕಿಗೂ ಇರುವ ಸಂಬಂಧ ಅಲ್ಲಿ ಬಹಳ ಸಡಿಲ.

ಸಾಂದ್ರತೆಯನ್ನು ನಂಬಿ ಕೆಟ್ಟ ಇನ್ನೊಂದು ಪ್ರಕರಣ ಇದಕ್ಕಿಂತ ಹೆಚ್ಚು ಕಲಿಸುತ್ತದೆ. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ಬಿಪಿ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗಿ 15 ಜನ ಸತ್ತರು, 180 ಜನ ಗಾಯಗೊಂಡರು. 170 ಅಡಿ ಎತ್ತರದ ಗೋಪುರವೊಂದನ್ನು ಚಾಲೂ ಮಾಡುವಾಗ ಅದರೊಳಕ್ಕೆ ಗಂಟೆಗಟ್ಟಲೆ ದ್ರವ ಹರಿಯುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ತನಿಖೆ ನಡೆಸಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ಪ್ರಕಾರ, ಒಳಗಿನ ದ್ರವ ನಿಜಕ್ಕೂ 158 ಅಡಿಗೆ ಏರಿದ್ದ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯ ಪರದೆ ತೋರಿಸುತ್ತಿದ್ದದ್ದು 8 ಅಡಿಗಿಂತ ಕಡಿಮೆ. ಅದೂ ಮೆಲ್ಲಗೆ ಇಳಿಯುತ್ತಿರುವಂತೆ. ಇದು ಹೇಗಾಯಿತು? ಅಲ್ಲಿದ್ದ ಉಪಕರಣ ದ್ರವದಲ್ಲಿ ಮುಳುಗಿದ ಒಂದು ತುಂಡಿನ ಮೇಲಿನ ತೇಲುಬಲವನ್ನು ನೋಡಿ ಎತ್ತರ ಹೇಳುವಂಥದ್ದು. ಅದು ತಳದ ಕೆಲವೇ ಅಡಿಗಳಿಗೆ ಮೀಸಲು. ತುಂಡು ಪೂರ್ತಿ ಮುಳುಗಿದ ಮೇಲೆ ದ್ರವ ಎಷ್ಟು ಏರಿದರೂ ತೇಲುಬಲ ಹೆಚ್ಚುವುದಿಲ್ಲ. ಇತ್ತ ದ್ರವ ಬಿಸಿಯಾಗಿ ಹಗುರವಾದಂತೆ ತೇಲುಬಲ ಕಡಿಮೆಯಾಯಿತು. ಉಪಕರಣ ಅದನ್ನು ಮಟ್ಟ ಇಳಿದಂತೆ ಓದಿತು. ಮೇಲಾಗಿ ಅದನ್ನು ಹೊಂದಿಸಿದ್ದು ಆ ದ್ರವಕ್ಕೆ ಹೊಂದದ ಹಳೆಯ ಸಾಂದ್ರತೆಗೆ. ಎಷ್ಟು ಬಂತು, ಎಷ್ಟು ಹೋಯಿತು, ಆದ್ದರಿಂದ ಒಳಗೆ ಎಷ್ಟಿದೆ ಎಂಬ ಸರಳ ಕೂಡು-ಕಳೆ ಲೆಕ್ಕ ಪರದೆಯ ಮೇಲೆ ಎಲ್ಲೂ ಇರಲಿಲ್ಲ. ಒಳಬರುವ ಹರಿವು ಒಂದು ಪುಟದಲ್ಲಿ, ಹೊರಹೋಗುವುದು ಇನ್ನೊಂದರಲ್ಲಿ. ಬಂದದ್ದೆಲ್ಲ ಎಲ್ಲಿ ಕೂತಿದೆ ಎಂದು ಕೇಳುವ ಒಂದು ಅಂಕಿ ಅಲ್ಲಿ ಇದ್ದಿದ್ದರೆ, ಸತ್ತವರ ಕುಟುಂಬಗಳ ಬದುಕು ಬೇರೆಯಾಗಿರುತ್ತಿತ್ತೆಂದು ನಂಬಲು ಸಾಕಷ್ಟು ಕಾರಣವಿದೆ.

ಹಾಗಿದ್ದರೆ ತುಂಬಿದ ಟ್ಯಾಂಕನ್ನು ತೂಗುವುದು ಹೇಗೆ? ಲೋಡ್ ಸೆಲ್ ಎಂಬ ಸಾಧನದಿಂದ. ಅದೊಂದು ಗಟ್ಟಿ ಉಕ್ಕಿನ ತುಂಡು. ಅದರ ಮೈಗೆ ಕೂದಲಿನಷ್ಟು ತೆಳುವಾದ ಲೋಹದ ಎಳೆಗಳಿರುವ ಚಿಕ್ಕ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಪೂರ್ಣ ಭಾರದಲ್ಲೂ ಆ ಬದಲಾವಣೆ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಅಂಟಿದ ಎಳೆಯೂ ಜೊತೆಗೆ ಕುಗ್ಗಿ ಅಥವಾ ಹಿಗ್ಗಿ ಅದರ ವಿದ್ಯುತ್ ರೋಧ ಸುಮಾರು 0.2 ಶೇಕಡಾ ಬದಲಾಗುತ್ತದೆ. ನಾಲ್ಕು ಪಟ್ಟಿಗಳನ್ನು ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ವೀಟ್‌ಸ್ಟನ್ ಸೇತುವೆಯಂತೆ ಜೋಡಿಸಿ ಈ ಸಣ್ಣ ವ್ಯತ್ಯಾಸವನ್ನು ಹಿಡಿಯುತ್ತಾರೆ. ಲೋಹದ ತಂತಿಯನ್ನು ಎಳೆದರೆ ಅದರ ರೋಧ ಬದಲಾಗುತ್ತದೆ ಎಂದು ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ 1856ರಲ್ಲೇ ತೋರಿಸಿದ್ದರು. ಅದನ್ನು ಅಂಟಿಸುವ ಪಟ್ಟಿಯಾಗಿಸಿದ್ದು 1938ರ ಸುಮಾರಿಗೆ, ಅಮೆರಿಕದಲ್ಲಿ ಒಬ್ಬರಿಗೊಬ್ಬರು ತಿಳಿಯದೆ ದುಡಿಯುತ್ತಿದ್ದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್. ಭೂಕಂಪದಲ್ಲಿ ಎತ್ತರದ ನೀರಿನ ಟ್ಯಾಂಕುಗಳು ಹೇಗೆ ನಡುಗುತ್ತವೆ ಎಂದು ಮಾದರಿ ಟ್ಯಾಂಕಿನ ಮೇಲೆ ಪ್ರಯೋಗ ಮಾಡುವಾಗ ರೂಗ್ ಅವರಿಗೆ ಇದು ಹೊಳೆದದ್ದು. ಟ್ಯಾಂಕಿನ ಮೈಮೇಲೆ ಹುಟ್ಟಿದ ಸಾಧನ ಇಂದು ಟ್ಯಾಂಕಿನ ಕಾಲ ಕೆಳಗೆ ಕೂತಿದೆ. ಮೂರೋ ನಾಲ್ಕೋ ಕಾಲುಗಳಿರುವ ಟ್ಯಾಂಕಿನ ಪ್ರತಿ ಕಾಲಿಗೂ ಒಂದೊಂದು ಲೋಡ್ ಸೆಲ್ ಇಟ್ಟು, ಎಲ್ಲವನ್ನೂ ಕೂಡಿಸಿ, ಖಾಲಿ ಟ್ಯಾಂಕಿನ ತೂಕ ಕಳೆದರೆ ಉಳಿಯುವುದು ಸರಕು. ಪ್ರತಿ ಕಾಲಿನ ಅಂಕಿಯನ್ನೂ ಬೇರೆಬೇರೆಯಾಗಿ ನೋಡುವ ಅನುಕೂಲ ಇನ್ನೊಂದು: ಸೈಲೊದಲ್ಲಿ ಪುಡಿ ಒಂದು ಪಕ್ಕಕ್ಕೆ ಅಂಟಿ ಭಾರ ಓರೆಯಾದರೆ ಅದು ಕಾಲುಗಳ ಅಂಕಿಯಲ್ಲೇ ತಿಳಿದುಬಿಡುತ್ತದೆ.

ಈ ಸಾಧನ ತಾನಾಗಿ ಸತ್ಯ ಹೇಳುತ್ತದೆಂದು ಭಾವಿಸಿದರೆ ತಪ್ಪಾಗುತ್ತದೆ. ಲೋಡ್ ಸೆಲ್ ಒಂದನ್ನೇ ಪ್ರಯೋಗಶಾಲೆಯಲ್ಲಿ ನೋಡಿದರೆ ಅದರ ದೋಷ ಶೇಕಡಾ ಒಂದರ ನೂರನೆಯ ಕೆಲವು ಪಾಲುಗಳಷ್ಟು ಮಾತ್ರ. ಟ್ಯಾಂಕಿನ ಕೆಳಗೆ ಕೂತ ಮೇಲೆ ಬೇರೆ ಮಾತು. ಟ್ಯಾಂಕಿಗೆ ಪೈಪುಗಳು ಬಂದು ಸೇರುತ್ತವೆ. ತುಂಬಿದಾಗ ಟ್ಯಾಂಕು ಮಿಲಿಮೀಟರಿನ ಒಂದು ಭಾಗದಷ್ಟು ಕೆಳಗಿಳಿಯಬೇಕು. ದಪ್ಪ ಪೈಪನ್ನು ಬಿಗಿಯಾಗಿ ಬೆಸೆದಿದ್ದರೆ ಅದು ಟ್ಯಾಂಕನ್ನು ಹಿಡಿದುಕೊಂಡು ಭಾರದ ಒಂದು ಪಾಲನ್ನು ತಾನೇ ಹೊರುತ್ತದೆ. ಆ ಪಾಲು ಲೋಡ್ ಸೆಲ್ಲಿಗೆ ಕಾಣಿಸುವುದಿಲ್ಲ. ಬಿಸಿಲೇರಿದಾಗ ಪೈಪು ಹಿಗ್ಗಿ ಟ್ಯಾಂಕನ್ನು ತಳ್ಳುವುದೂ ಉಂಟು. ಆದ್ದರಿಂದ ಪೈಪುಗಳು ಅಡ್ಡಲಾಗಿ ಬಂದು, ಬಾಗಬಲ್ಲ ಜೋಡಣೆಯ ಮೂಲಕ ಸೇರಬೇಕು. ಟ್ಯಾಂಕಿನ ಏಣಿ ಮತ್ತು ಅಟ್ಟಣಿಗೆ ಪಕ್ಕದ ಕಟ್ಟಡಕ್ಕೆ ತಾಗಬಾರದು. ಗಾಳಿಗೆ ಟ್ಯಾಂಕು ಮಗುಚದಂತೆ ಹಿಡಿಯುವ ಬೋಲ್ಟುಗಳು ಇರಬೇಕು, ಆದರೆ ತೂಕಕ್ಕೆ ಅಡ್ಡ ಬರಬಾರದು. ಗುರುತ್ವವೂ ಊರಿಂದೂರಿಗೆ ಬದಲಾಗುತ್ತದೆ. ಲಂಡನ್ನಿನಲ್ಲಿ ಅದು ಸುಮಾರು 9.81, ಭೂಮಧ್ಯರೇಖೆಗೆ ಹತ್ತಿರವೂ ಸಮುದ್ರಮಟ್ಟದಿಂದ ಎತ್ತರವೂ ಆದ ಬೆಂಗಳೂರಿನಲ್ಲಿ ಸುಮಾರು 9.78. ಅಲ್ಲಿ ಹೊಂದಿಸಿ ಕಳಿಸಿದ ಯಂತ್ರ ಇಲ್ಲಿ 10 ಟನ್ನಿಗೆ 30 ಕಿಲೋದಷ್ಟು ಕಡಿಮೆ ತೋರಿಸಬಹುದು. ಹಾಗಾಗಿ ಯಂತ್ರವನ್ನು ಅದು ಕೆಲಸ ಮಾಡುವ ಸ್ಥಳದಲ್ಲೇ, ಪೈಪುಗಳೆಲ್ಲ ಜೋಡಣೆಯಾದ ಮೇಲೆ ಹೊಂದಿಸಬೇಕು. ನೂರು ಟನ್ ತೂಕದ ಕಲ್ಲು ಯಾರ ಬಳಿಯೂ ಇರುವುದಿಲ್ಲ. ಸ್ವಲ್ಪ ಪರೀಕ್ಷಾ ತೂಕವನ್ನೂ, ಮೊದಲೇ ಅಳೆದ ನೀರನ್ನೂ ಸರದಿಯಂತೆ ಬಳಸಿ ಹಂತಹಂತವಾಗಿ ಹೊಂದಿಸುವ ವಿಧಾನವಿದೆ. ಇಷ್ಟು ಜಾಗ್ರತೆ ವಹಿಸಿದರೆ ದೋಷ ಸಾಮಾನ್ಯವಾಗಿ ಅರ್ಧ ಶೇಕಡಾದೊಳಗೆ ಇರುತ್ತದೆ. ವಹಿಸದಿದ್ದರೆ ಡಿಪ್ ರಾಡಿಗಿಂತ ಕೆಟ್ಟ ಲೆಕ್ಕವೂ ಬರಬಹುದು.

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ: ನೆಲದ ಮೇಲೆ ಚಪ್ಪಟೆಯಾಗಿ ಕೂತ, ಸಾವಿರಾರು ಟನ್ ಹಿಡಿಯುವ ತೈಲ ಟ್ಯಾಂಕಿಗೆ ಕಾಲೆಲ್ಲಿದೆ, ಲೋಡ್ ಸೆಲ್ ಎಲ್ಲಿಡುವುದು? ಆಕ್ಷೇಪ ಸರಿ, ಆದರೆ ತೂಗಲು ಎತ್ತಲೇಬೇಕೆಂದಿಲ್ಲ. ನೆಟ್ಟಗಿನ ಗೋಡೆಯ ಟ್ಯಾಂಕಿನ ತಳದಲ್ಲಿ ದ್ರವ ಒತ್ತುವ ಒತ್ತಡವೆಂದರೆ ಅದರ ಮೇಲಿರುವ ದ್ರವದ ಭಾರವೇ. ತಳದ ವಿಸ್ತೀರ್ಣದಿಂದ ಗುಣಿಸಿದರೆ ಒಟ್ಟು ತೂಕ ಬಂತು. 20 ಮೀಟರ್ ಅಗಲದ ದುಂಡು ಟ್ಯಾಂಕಿನ ತಳದಲ್ಲಿ ದ್ರವದ ಒತ್ತಡ ಒಂದು ಬಾರ್ ಇದ್ದರೆ, ಮೇಲೆ ಸುಮಾರು 3,200 ಟನ್ ಇದೆ ಎಂದರ್ಥ. ಇದಕ್ಕೆ ಎತ್ತರವೂ ಬೇಡ, ಸಾಂದ್ರತೆಯೂ ಬೇಡ. ದ್ರವ ಬಿಸಿಯಾಗಿ ಮೇಲೇರಿದರೆ ಸಾಂದ್ರತೆ ಅಷ್ಟೇ ಪ್ರಮಾಣದಲ್ಲಿ ಇಳಿದು ತಳದ ಒತ್ತಡ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಮೇಲ್ಗಡೆ ಮುಚ್ಚಿ ಅನಿಲ ತುಂಬಿದ ಟ್ಯಾಂಕಾದರೆ ಅನಿಲದ ಒತ್ತಡ ಕಳೆಯಲು ಮೇಲೊಂದು ಮಾಪಕ ಬೇಕು. ತಳದ ಮಾಪಕಕ್ಕಿಂತ ಕೆಳಗಿರುವ ದ್ರವಕ್ಕೆ ಬೇರೆ ಲೆಕ್ಕ ಬೇಕು. ಈ ವಿಧಾನಕ್ಕೆ ಐಎಸ್‌ಒ 11223 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ದೇಶದ ತುರ್ತು ತೈಲ ಸಂಗ್ರಹದ ಲೆಕ್ಕವನ್ನೂ ನಾವು ತೂಕದಲ್ಲೇ ಹೇಳುತ್ತೇವೆ: ಮಂಗಳೂರಿನ ನೆಲದಡಿಯ ಗುಹೆಗಳಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಸಾಮರ್ಥ್ಯ. ಆ ಗುಹೆಗಳನ್ನು ಯಾವ ತಕ್ಕಡಿಗೂ ಏರಿಸಲಾಗದು. ಆದರೂ ಬೇರೆಬೇರೆ ಸಾಂದ್ರತೆಯ ತೈಲಗಳನ್ನು ಒಂದೇ ಲೆಕ್ಕಕ್ಕೆ ತರಬೇಕೆಂದರೆ ಟನ್ನೇ ಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಟ್ಯಾಂಕು ತುಂಬಿ ಚೆಲ್ಲುವುದು ತೂಕ ಹೆಚ್ಚಾದದ್ದಕ್ಕಲ್ಲ, ಜಾಗ ಮುಗಿದದ್ದಕ್ಕೆ. ಬಿಸಿಯಾಗಿ ಹಿಗ್ಗಿದ ದ್ರವ ಕಡಿಮೆ ತೂಕದಲ್ಲೇ ಅಂಚು ಮುಟ್ಟುತ್ತದೆ. ಹಾಗಿರುವಾಗ ಸುರಕ್ಷತೆಗೆ ಎತ್ತರವೇ ಮುಖ್ಯವಲ್ಲವೇ? ಹೌದು. ಎಲ್‌ಪಿಜಿ ಟ್ಯಾಂಕನ್ನು ಗಾತ್ರದ ಸುಮಾರು 85 ಶೇಕಡಾಕ್ಕಿಂತ ಹೆಚ್ಚು ತುಂಬಬಾರದೆಂಬ ನಿಯಮ ಹಿಗ್ಗಲು ಜಾಗ ಬಿಡಲೆಂದೇ ಇರುವುದು. ತೂಕ ನೋಡುವವರು ಎತ್ತರದ ಮಾಪಕವನ್ನು ಕಿತ್ತೆಸೆಯಬೇಕೆಂಬ ವಾದವನ್ನು ಒಪ್ಪಲಾಗದು. ಆದರೆ ಎತ್ತರದ ಮಾಪಕವೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 2005ರ ಡಿಸೆಂಬರ್ 11ರ ನಸುಕಿನಲ್ಲಿ 912ನೇ ಟ್ಯಾಂಕಿಗೆ ಕೊಳವೆಮಾರ್ಗದಿಂದ ಪೆಟ್ರೋಲ್ ಹರಿಯುತ್ತಿತ್ತು. ಮೂರು ಗಂಟೆಯ ಸುಮಾರಿಗೆ ಮಟ್ಟದ ಮಾಪಕ ಸಿಕ್ಕಿಹಾಕಿಕೊಂಡು ಪರದೆಯ ಅಂಕಿ ನಿಂತಲ್ಲೇ ನಿಂತಿತು. ಕೊನೆಯ ಕಾವಲಾಗಿದ್ದ ಪ್ರತ್ಯೇಕ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಟ್ಯಾಂಕಿನ ತಲೆಯಿಂದ ಸುರಿದು, ಆವಿ ಮೋಡವಾಗಿ ಹರಡಿ, ಆರು ಗಂಟೆಗೆ ಹೊತ್ತಿಕೊಂಡಿತು. ಭಾನುವಾರದ ಬೆಳಗಾದ್ದರಿಂದ ಸಾವು ಸಂಭವಿಸಲಿಲ್ಲ, ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಬೆಂಕಿ ದಿನಗಟ್ಟಲೆ ಉರಿಯಿತು. ಗಂಟೆಗೆ ನೂರಾರು ಟನ್ ಒಳಬರುತ್ತಿರುವಾಗ ದಾಸ್ತಾನು ಒಂದಿಷ್ಟೂ ಏರದಿದ್ದರೆ ಎಲ್ಲೋ ಸುಳ್ಳಿದೆ ಎಂದು ಗುರುತಿಸಲು ಬೇರೆ ತತ್ವದಲ್ಲಿ ನಡೆಯುವ ಎರಡನೆಯ ಮಾಪಕ ಬೇಕು. ತಳದ ಒತ್ತಡ ಅಂಥದ್ದು. ಲೋಡ್ ಸೆಲ್ಲೂ ಕೆಡಬಹುದು, ಒತ್ತಡದ ಮಾಪಕವೂ ಕಟ್ಟಿಕೊಳ್ಳಬಹುದು. ಆದರೆ ಮಟ್ಟದ ಮಾಪಕ ಸಿಕ್ಕಿಕೊಳ್ಳುವ ಕಾರಣಕ್ಕೇ ಒತ್ತಡದ ಮಾಪಕವೂ ಅದೇ ಗಳಿಗೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಮೂರನೆಯದು: ತೂಕಕ್ಕೆ ಒಳಗಿರುವುದು ಏನೆಂದು ಗೊತ್ತಾಗುವುದಿಲ್ಲ, ಎಣ್ಣೆಯ ಅಡಿಯಲ್ಲಿ ನೀರು ಕೂತಿದ್ದರೂ ಟನ್ನಿಗೆ ಟನ್ನು. ಇದೂ ನಿಜ. ಆದರೆ ತೂಕ ಮತ್ತು ಎತ್ತರ ಎರಡೂ ಕೈಯಲ್ಲಿದ್ದರೆ ಸಾಂದ್ರತೆ ತಾನಾಗಿ ಸಿಗುತ್ತದೆ. ಮೊದಲು ಕಣ್ಣುಮುಚ್ಚಿ ನಂಬುತ್ತಿದ್ದ ಅಂಕಿಯನ್ನು ಈಗ ನಾವೇ ಲೆಕ್ಕ ಹಾಕಿ ಪಡೆಯುತ್ತೇವೆ. ಸಾಬೂನು, ಕಾಗದ, ಬಟ್ಟೆ ಗಿರಣಿಗಳಲ್ಲಿ ಬಳಸುವ ಕಾಸ್ಟಿಕ್ ಸೋಡಾ ದ್ರಾವಣವನ್ನೇ ನೋಡಿ. 50 ಶೇಕಡಾ ದ್ರಾವಣದ 10,000 ಲೀಟರ್ ಸುಮಾರು 15.3 ಟನ್ ತೂಗುತ್ತದೆ, ಅದರಲ್ಲಿ ಸೋಡಾ 7.6 ಟನ್. 30 ಶೇಕಡಾ ದ್ರಾವಣವಾದರೆ ಅಷ್ಟೇ ಲೀಟರಿಗೆ ತೂಕ 13.3 ಟನ್, ಸೋಡಾ 4 ಟನ್ ಮಾತ್ರ. ಟ್ಯಾಂಕಿನಲ್ಲಿ ಎತ್ತರ ಎರಡಕ್ಕೂ ಒಂದೇ. ಎತ್ತರವನ್ನಷ್ಟೇ ನೋಡುವ ಮ್ಯಾನೇಜರಿಗೆ ಅರ್ಧದಷ್ಟು ಸರಕು ಇಲ್ಲವೆಂಬುದು ತಿಳಿಯುವುದು ಪಾಕ ಕೆಟ್ಟ ಮೇಲೆ. ಆದರೆ ಇದಕ್ಕೂ ಮಿತಿಯಿದೆ, ಅದನ್ನು ಮರೆಮಾಚಬಾರದು. ಹಾಲಿನ ಒಂದು ಲೀಟರ್ ಸುಮಾರು 1.03 ಕಿಲೋ ತೂಗುತ್ತದೆ. ಸಾವಿರ ಲೀಟರಿನಲ್ಲಿ ನೂರು ಲೀಟರ್ ನೀರಿದ್ದರೂ ಒಟ್ಟು ತೂಕದಲ್ಲಿ ಬರುವ ವ್ಯತ್ಯಾಸ 3 ಕಿಲೋ, ಅಂದರೆ 0.3 ಶೇಕಡಾ, ಟ್ಯಾಂಕಿನ ಕೆಳಗಿನ ಲೋಡ್ ಸೆಲ್ಲಿನ ದೋಷದೊಳಗೇ ಅದು ಮುಳುಗಿಹೋಗುತ್ತದೆ. ಅದಕ್ಕೆ ಲ್ಯಾಕ್ಟೋಮೀಟರ್, ಕೊಬ್ಬಿನ ಪರೀಕ್ಷೆಗಳೇ ಬೇಕು. ಹಾಗೆಂದು ಹಾಲಿನಲ್ಲಿ ತೂಕಕ್ಕೆ ಬೆಲೆಯಿಲ್ಲವೆಂದಲ್ಲ: ನೊರೆಯಿಂದ ಅಳತೆ ಕೆಡುವುದನ್ನು ತಪ್ಪಿಸಲು ನಮ್ಮ ಹಲವು ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಆಮೇಲೆ ಲೀಟರಿಗೆ ಪರಿವರ್ತಿಸುತ್ತಾರೆ. ಹಾಲು ಹಾಕುವವರಿಗೆ ಇದರಿಂದ ನ್ಯಾಯ ಸಿಕ್ಕಿದೆ.

ಕೊನೆಯದಾಗಿ ಖರ್ಚಿನ ಮಾತು. ಇದ್ದ ಟ್ಯಾಂಕನ್ನು ಎತ್ತಿ, ಅಡಿಪಾಯ ಸರಿಪಡಿಸಿ, ಪೈಪು ಬದಲಿಸಿ ಲೋಡ್ ಸೆಲ್ ಕೂರಿಸುವುದು ಸಣ್ಣ ಉದ್ಯಮಕ್ಕೆ ಹೊರೆಯೇ. ನೀರಿನ ಟ್ಯಾಂಕಿಗೋ, ವಾರಕ್ಕೊಮ್ಮೆ ನೋಡಿದರೆ ಸಾಕಾದ ಅಗ್ಗದ ಸರಕಿಗೋ ಅದು ಬೇಡ. ಪಾರದರ್ಶಕ ಕೊಳವೆಯ ಗೇಜೇ ಸಾಕು. ಸರಕು ದುಬಾರಿಯಾಗಿರುವ, ಅಪಾಯಕಾರಿಯಾಗಿರುವ, ಅಥವಾ ಮುಗಿದರೆ ಇಡೀ ಕೆಲಸ ನಿಲ್ಲುವ ಕಡೆ ಖರ್ಚಿನ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಬಳಸುವ ಕ್ಲೋರಿನ್ ಟನ್ನರನ್ನು ನೆನೆಯಿರಿ. ಸುಮಾರು 900 ಕಿಲೋ ದ್ರವ ಕ್ಲೋರಿನ್ ಹಿಡಿಯುವ ಉರುಳೆ ಅದು. ಅಡುಗೆ ಅನಿಲದಂತೆಯೇ ಅಲ್ಲೂ ಒತ್ತಡದ ಗೇಜು ಉಳಿದದ್ದೆಷ್ಟು ಎಂದು ಹೇಳಲಾರದು, ವಿಷಾನಿಲವಾದ್ದರಿಂದ ತೆರೆದು ನೋಡುವಂತಿಲ್ಲ. ತಕ್ಕಡಿಯ ಮೇಲೆ ಮಲಗಿಸಿದರೆ ಮಾತ್ರ ದಿನಕ್ಕೆ ಎಷ್ಟು ಕಿಲೋ ನೀರಿಗೆ ಸೇರಿತು ಎಂಬುದೂ, ಯಾವಾಗ ಬದಲಿಸಬೇಕೆಂಬುದೂ ತಿಳಿಯುತ್ತದೆ. ಕ್ಲೋರಿನ್ ನಡುರಾತ್ರಿ ಮುಗಿದು ಯಾರಿಗೂ ಗೊತ್ತಾಗದಿದ್ದರೆ ಬೆಳಗ್ಗೆ ಊರಿನ ನಲ್ಲಿಯಲ್ಲಿ ಬರುವುದು ರೋಗಾಣು ಸಾಯದ ನೀರು. ಕಚೇರಿಗಳ ಗೋಡೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗ್ನಿಶಾಮಕಕ್ಕೂ ಗೇಜು ಇರುವುದಿಲ್ಲ, ಅದನ್ನೂ ತೂಗಿಯೇ ಪರೀಕ್ಷಿಸುತ್ತಾರೆ. ತುಂಬಿದ ಅನಿಲದಲ್ಲಿ 10 ಶೇಕಡಾ ಕಡಿಮೆಯಾದರೆ ಮರುಪೂರಣ. ಜೀವದ ಪ್ರಶ್ನೆಯಿರುವ ಇಂಥ ಕಡೆಗಳಲ್ಲಿ ತಜ್ಞರು ತೂಕವನ್ನೇ ಆರಿಸಿಕೊಂಡಿರುವುದು ಗಮನಿಸಬೇಕಾದ ಸಂಗತಿ.

ಆರಂಭಿಸಲು ಎಲ್ಲ ಟ್ಯಾಂಕಿಗೂ ಒಂದೇ ಸಲ ಹಣ ಸುರಿಯಬೇಕಾಗಿಲ್ಲ. ಹೊಸ ಟ್ಯಾಂಕು ಕಟ್ಟಿಸುವಾಗಲೇ ಕಾಲುಗಳಡಿ ಲೋಡ್ ಸೆಲ್ಲಿಗೆ ಜಾಗ ಬಿಡಿಸಿದರೆ ಮುಂದಿನ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ಇರುವ ಟ್ಯಾಂಕುಗಳಲ್ಲಿ, ಸ್ಟಾಕ್ ಪುಸ್ತಕಕ್ಕೂ ನಿಜಕ್ಕೂ ಅತಿ ಹೆಚ್ಚು ವ್ಯತ್ಯಾಸ ಬರುವ ಒಂದನ್ನು ಮೊದಲು ಆರಿಸಬೇಕು. ನೆಲದ ಮೇಲೆ ಕೂತದ್ದಾದರೆ ತಳಕ್ಕೊಂದು ಒತ್ತಡದ ಮಾಪಕ, ಕಾಲಿರುವುದಾದರೆ ಲೋಡ್ ಸೆಲ್. ಟ್ಯಾಂಕು ಖಾಲಿಯಾದಾಗಲೆಲ್ಲ ಅಂಕಿ ಸೊನ್ನೆಗೆ ಬರುತ್ತಿದೆಯೇ ಎಂದು ನೋಡಬೇಕು. ಬರದಿದ್ದರೆ ಗೋಡೆಗೆ ಸರಕು ಅಂಟಿದೆ, ಇಲ್ಲವೇ ಎಲ್ಲೋ ಪೈಪು ತಾಗುತ್ತಿದೆ. ಆ ತೂಕವನ್ನೇ ಹಿಡಿದು ಹೊರಗಿನವರೊಂದಿಗೆ ವ್ಯಾಪಾರ ಮಾಡುವುದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲನೆಯೂ ಮುದ್ರೆಯೂ ಬೇಕು ಎಂಬುದನ್ನು ಮರೆಯಬಾರದು. ಸರಕು ತಂದ ಲಾರಿ ವೇಬ್ರಿಡ್ಜ್ ಮೇಲೆ ಹತ್ತಿ ಇಳಿದಾಗ ಸಿಗುವ ಚೀಟಿ ಕೈಯಲ್ಲೇ ಇರುತ್ತದೆ. ಅದರ ನಿವ್ವಳ ತೂಕವನ್ನೂ ಟ್ಯಾಂಕಿನ ತೂಕ ಎಷ್ಟು ಏರಿತು ಎಂಬುದನ್ನೂ ಒಂದೇ ಸಾಲಿನಲ್ಲಿ ಬರೆಯುತ್ತ ಹೋದರೆ, ಎರಡು ಯಂತ್ರಗಳೂ ಒಂದನ್ನೊಂದು ಪರೀಕ್ಷಿಸಿಕೊಳ್ಳುತ್ತವೆ. ವ್ಯತ್ಯಾಸ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಓಲಾಡುತ್ತಿದ್ದರೆ ಚಿಂತೆಯಿಲ್ಲ. ಲಾರಿಯಿಂದ ಲಾರಿಗೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ ಅಂದೇ ಪೈಪಿನ ಜೋಡಣೆಯನ್ನೂ, ಲೋಡ್ ಸೆಲ್ಲನ್ನೂ, ವೇಬ್ರಿಡ್ಜನ್ನೂ ಒಂದೊಂದಾಗಿ ತಪಾಸಣೆ ಮಾಡಿಸಬೇಕು.